ವೈಪರ್ ನಿಂತರೆ ಮೋಟಾರನ್ನು ಕೊನೆಗೆ ಬಿಚ್ಚಿ

(ಹಳೆಯ ಕಾರುಗಳ ದುರಸ್ತಿಯಲ್ಲಿ ಆಸಕ್ತಿಯುಳ್ಳವರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಗೆ ನಮಸ್ಕಾರ. ನನ್ನ ಮುಂದಿನ ಮೇಜಿನ ಮೇಲೆ ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರದ ಒಂದು ಲೋಹದ ಡಬ್ಬಿ ಇದೆ. ಅದರ ಒಂದು ಬದಿ ಚಪ್ಪಟೆಯಾಗಿದೆ, ಇನ್ನೊಂದು ಬದಿ ಉದ್ದಕ್ಕೆ ಸೀಳಿದ ಡೋಲಿನಂತೆ ದುಂಡಗಿದೆ. ಇದಕ್ಕೆ ವಿದ್ಯುತ್ ತಂತಿ ಬರುವುದಿಲ್ಲ. ಒಳಗೆ ತಾಮ್ರದ ಸುರುಳಿಯಿಲ್ಲ, ಕಾರ್ಬನ್ ಬ್ರಷ್ ಇಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತದಿಂದಲೇ, ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ವ್ಯಾಕ್ಯೂಮಿನಿಂದಲೇ, ಇದು ನಡೆಯುತ್ತದೆ. ವೈಪರ್ ಕೆಟ್ಟಿದೆ ಎಂದು ಹೇಳಿ ಹಳೆಯ ಕಾರಿನವರು ಈ ಮೋಟಾರನ್ನು ಬಿಚ್ಚಿಕೊಂಡು ನನ್ನ ಬಳಿ ತಂದದ್ದು ಎಷ್ಟೋ ಸಲ. ಕೈಪಂಪಿಗೆ ಜೋಡಿಸಿದ ಕೂಡಲೇ ಮೇಜಿನ ಮೇಲೆಯೇ ಟಕ್ ಟಕ್ ಎಂದು ಅತ್ತಿತ್ತ ಓಡಾಡಿದ ಮೋಟಾರುಗಳು ಅವುಗಳಲ್ಲಿ ಕಡಿಮೆಯೇನಲ್ಲ. ಅಂದರೆ ಕೆಟ್ಟದ್ದು ಮೋಟಾರಲ್ಲ, ಮೋಟಾರಿಗೆ ಬರಬೇಕಾದದ್ದು ಬಂದಿಲ್ಲ, ಅಥವಾ ಮೋಟಾರು ಎಳೆಯಬೇಕಾದದ್ದು ಬಿಗಿದುಕೊಂಡಿದೆ. ಇಷ್ಟು ತಿಳಿಯುವುದಕ್ಕೆ ಮೋಟಾರನ್ನು ಬಿಚ್ಚಬೇಕಾಗಿರಲಿಲ್ಲ. ಆದರೆ ಬಿಚ್ಚುವ ಗಡಿಬಿಡಿಯಲ್ಲಿ ಸ್ಕ್ರೂವಿನ ಎಳೆ ಹೋಗಿರುತ್ತದೆ, ಗ್ಯಾಸ್ಕೆಟ್ ಹರಿದಿರುತ್ತದೆ, ಒಂದು ಸಣ್ಣ ಸ್ಪ್ರಿಂಗ್ ಎಲ್ಲೋ ಬಿದ್ದುಹೋಗಿರುತ್ತದೆ. ಈ ನಷ್ಟವನ್ನು ತಪ್ಪಿಸುವ ಕ್ರಮವನ್ನು ನಿಮ್ಮ ಮುಂದಿಡಬೇಕೆಂಬುದು ನನ್ನ ಉದ್ದೇಶ.

ಇತಿಹಾಸದ ಬಗ್ಗೆ ಎರಡೇ ಮಾತು. ಒಳಗೆ ಕುಳಿತು ಕೈಯಿಂದ ಎಳೆದು ಗಾಜು ಒರೆಸುವ ಸಾಧನಕ್ಕೆ ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದರು. ಬಫಲೋ ನಗರದಲ್ಲಿ ಜಾನ್ ಓಯಿಶೈ ಕಟ್ಟಿದ ಟ್ರೈಕೊ ಸಂಸ್ಥೆ 1920ರ ದಶಕದಲ್ಲಿ ವ್ಯಾಕ್ಯೂಮ್ ವೈಪರನ್ನು ಮನೆಮಾತಾಗಿಸಿತು. ಡೈನಮೊ ಮತ್ತು ಬ್ಯಾಟರಿ ದುರ್ಬಲವಾಗಿದ್ದ ಆ ಕಾಲದಲ್ಲಿ, ಎಂಜಿನ್ನಿನಲ್ಲಿ ಹೇಗೂ ಹುಟ್ಟುವ ನಿರ್ವಾತವನ್ನು ಬಳಸಿಕೊಂಡದ್ದು ಜಾಣತನದ ಕೆಲಸವೇ ಸರಿ. ಬ್ರಿಟನ್ನಿನ ಫೋರ್ಡ್ ಕಂಪನಿ ಆಂಗ್ಲಿಯಾ 100ಇ ಮಾದರಿಯವರೆಗೂ ಇದನ್ನೇ ಇಟ್ಟುಕೊಂಡು, 1959ರ ಆಂಗ್ಲಿಯಾ 105ಇ ಕಾರಿನಲ್ಲಿ ವಿದ್ಯುತ್ ವೈಪರಿಗೆ ಬಂತು. ಅಮೆರಿಕನ್ ಮೋಟಾರ್ಸ್ ಸಂಸ್ಥೆಯ ಕೆಲವು ಕಾರುಗಳಲ್ಲಿ 1970ರ ದಶಕದ ಆರಂಭದವರೆಗೂ ಇದು ಉಳಿದಿತ್ತು. ಆದ್ದರಿಂದ ಇಂದು ನಮ್ಮ ಕೈಗೆ ಬರುವ ಇಂತಹ ಮೋಟಾರು ಐವತ್ತು ವರ್ಷದ್ದಾಗಿರಬಹುದು, ತೊಂಬತ್ತು ವರ್ಷದ್ದೂ ಆಗಿರಬಹುದು.

ಇದರ ಒಳಗನ್ನು ಈಗ ನೋಡೋಣ. ಮುಚ್ಚಳ ತೆಗೆದರೆ ಅರ್ಧ ಉರುಳೆಯಾಕಾರದ ಕೋಣೆಯಲ್ಲಿ ಬಾಗಿಲಿನಂತೆ ಅತ್ತಿತ್ತ ತಿರುಗುವ ಒಂದು ರೆಕ್ಕೆ ಕಾಣುತ್ತದೆ. ರೆಕ್ಕೆಯ ಸುತ್ತಲೂ ಗೋಡೆಗೆ ಒತ್ತಿಕೊಳ್ಳುವಂತೆ ಚರ್ಮದ ಅಥವಾ ರಬ್ಬರಿನ ಅಂಚು ಇರುತ್ತದೆ. ರೆಕ್ಕೆ ಕೋಣೆಯನ್ನು ಎರಡು ಪಾಲು ಮಾಡುತ್ತದೆ. ಮೇಲಿರುವ ಪುಟ್ಟ ಕವಾಟವು ಒಂದು ಪಾಲನ್ನು ಎಂಜಿನ್ನಿನ ನಿರ್ವಾತಕ್ಕೂ ಇನ್ನೊಂದು ಪಾಲನ್ನು ಹೊರಗಿನ ಗಾಳಿಗೂ ಜೋಡಿಸುತ್ತದೆ. ಆಗ ಹೊರಗಿನ ಗಾಳಿಯ ಒತ್ತಡವು ರೆಕ್ಕೆಯನ್ನು ನಿರ್ವಾತದ ಕಡೆಗೆ ದೂಡುತ್ತದೆ. ರೆಕ್ಕೆ ಕೊನೆ ಮುಟ್ಟುವ ಹೊತ್ತಿಗೆ ಅದರ ದಂಡಕ್ಕೆ ಸೇರಿದ ಒಂದು ಒದೆಗೋಲು ಸ್ಪ್ರಿಂಗನ್ನು ನಡುಗೆರೆಯಾಚೆ ದಾಟಿಸಿ ಕವಾಟವನ್ನು ಥಟ್ಟನೆ ಮಗುಚುತ್ತದೆ; ಎರಡು ಪಾಲುಗಳ ಪಾತ್ರ ಅದಲುಬದಲಾಗಿ ರೆಕ್ಕೆ ಹಿಂದಿರುಗುತ್ತದೆ. ನೀವು ಕೇಳುವ ಆ ಟಕ್ ಎಂಬ ಸದ್ದು ಈ ಮಗುಚುವಿಕೆಯದು. ಆ ಸದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಬೇಕಾಗುತ್ತದೆ.

ನಿರ್ವಾತವು ಎಳೆಯುತ್ತದೆ ಎಂದು ಬಾಯಿಮಾತಿಗೆ ಹೇಳುತ್ತೇವೆ; ದೂಡುವುದು ಹೊರಗಿನ ಗಾಳಿ. ಈ ವ್ಯತ್ಯಾಸ ಬರಿಯ ಪದಗಳದ್ದಲ್ಲ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 29.92 ಇಂಚು ಪಾದರಸ, ಅಂದರೆ ಅಷ್ಟು ಎತ್ತರದ ಪಾದರಸದ ಕಂಬವನ್ನು ಎತ್ತಿಹಿಡಿಯುವಷ್ಟು. ಆರೋಗ್ಯವಾಗಿರುವ ಎಂಜಿನ್ ಐಡಲಿಂಗಿನಲ್ಲಿರುವಾಗ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ನಿಧಾನವಾಗಿ ಓಡುತ್ತಿರುವಾಗ, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ 17ರಿಂದ 21 ಇಂಚಿನಷ್ಟು ನಿರ್ವಾತ ಸಿಗುತ್ತದೆ. 18 ಇಂಚು ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.62 ಕಿಲೊಗ್ರಾಂ ಬಲ. ರೆಕ್ಕೆಯ ವಿಸ್ತೀರ್ಣ 20 ಚದರ ಸೆಂಟಿಮೀಟರ್ ಎಂದು ಇಟ್ಟುಕೊಂಡರೆ ಅದರ ಮೇಲೆ ಬೀಳುವ ಒಟ್ಟು ಬಲ 12 ಕಿಲೊಗ್ರಾಮಿಗಿಂತ ಸ್ವಲ್ಪ ಹೆಚ್ಚು. ಅದೇ ನಿರ್ವಾತ 4 ಇಂಚಿಗೆ ಇಳಿದರೆ ಬಲ 3 ಕಿಲೊಗ್ರಾಂ ಕೂಡ ಇರುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಏರು ಹತ್ತುವಾಗ ಮ್ಯಾನಿಫೋಲ್ಡಿನ ನಿರ್ವಾತ ಒಂದೆರಡು ಇಂಚಿಗೆ ಬರುತ್ತದೆ. ಆಗ ವೈಪರ್ ನಿಧಾನವಾಗುವುದು, ನಿಂತೇ ಬಿಡುವುದು, ಕಾಲು ತೆಗೆದ ಕೂಡಲೇ ಹುಚ್ಚುಹಿಡಿದಂತೆ ಓಡುವುದು ಎಲ್ಲವೂ ಈ ಏರ್ಪಾಟಿನ ಸ್ವಭಾವ. ಅದನ್ನು ದೋಷವೆಂದು ತಿಳಿಯಬಾರದು. ಐಡಲಿಂಗಿನಲ್ಲಿಯೂ, ಒದ್ದೆ ಗಾಜಿನ ಮೇಲೆಯೂ ನಿಧಾನವಾಗಿ ತೆವಳಿದರೆ ಮಾತ್ರ ಅದು ದೋಷ. ನಮ್ಮ ಹುಡುಕಾಟ ಅಲ್ಲಿಂದ ಆರಂಭವಾಗಬೇಕು.

ಮೊದಲ ಪರೀಕ್ಷೆಗೆ ಒಂದು ಸ್ಪ್ಯಾನರೂ ಬೇಡ. ಎಂಜಿನ್ ಓಡುತ್ತಿರಲಿ, ವೈಪರ್ ಚಾಲೂ ಇರಲಿ. ಎರಡೂ ಬ್ಲೇಡುಗಳನ್ನು ಗಾಜಿನಿಂದ ಎತ್ತಿ ಹಿಡಿಯಿರಿ. ಎತ್ತಿದ ಕೂಡಲೇ ವೇಗ ಹೆಚ್ಚಿದರೆ ತೊಂದರೆ ಗಾಜಿನ ಮೇಲಿದೆ: ಬ್ಲೇಡಿನ ರಬ್ಬರ್ ಗಟ್ಟಿಯಾಗಿರಬಹುದು, ಗಾಜಿನ ಮೇಲೆ ಮೇಣದ ಪಸೆ ಕೂತಿರಬಹುದು, ಅಥವಾ ಯಾರೋ ಹೊಸ ಕಾಲದ ಕಾರಿನ ಆರ್ಮ್ ಹಾಕಿ ಸ್ಪ್ರಿಂಗಿನ ಒತ್ತಡ ಮಿತಿಮೀರಿರಬಹುದು. ವೇಗ ಬದಲಾಗದಿದ್ದರೆ ಎಂಜಿನ್ ನಿಲ್ಲಿಸಿ, ಮೋಟಾರಿನ ದಂಡದಿಂದ ಲಿಂಕೇಜನ್ನು, ಅಂದರೆ ಮೋಟಾರಿನ ಚಲನೆಯನ್ನು ಬ್ಲೇಡಿನ ಆರ್ಮಿಗೆ ಮುಟ್ಟಿಸುವ ಸರಳುಗಳನ್ನು, ಕಳಚಿ, ಆರ್ಮನ್ನು ಕೈಯಿಂದ ಆಡಿಸಿ ನೋಡಿ. ಎರಡು ಬೆರಳಿನ ಬಲಕ್ಕೆ ಅದು ಒಂದೇ ಸಮನಾಗಿ ಓಡಾಡಬೇಕು. ಗಾಜಿನ ಬುಡದಲ್ಲಿ ದೇಹದ ತಗಡನ್ನು ತೂರಿ ಹೊರಬರುವ ಸ್ಪಿಂಡಲುಗಳು ಮಳೆನೀರು ಕುಡಿದು, ಒಣಗಿ, ಒಳಗಿನ ಗ್ರೀಸ್ ಅರಗಿನಂತೆ ಗಟ್ಟಿಯಾಗಿರುತ್ತದೆ. ಅಲ್ಲಿ ಹುಟ್ಟುವ ಬಿಗಿತವೊಂದೇ ಮೋಟಾರಿನ ಬಲವನ್ನೆಲ್ಲ ತಿಂದುಹಾಕಬಲ್ಲದು. ರಬ್ಬರ್ ವಾಷರನ್ನು ಎತ್ತಿ, ತೆಳು ಎಣ್ಣೆಯನ್ನು ದಿನಕ್ಕೆರಡು ಬಾರಿ ಬಿಟ್ಟು, ಆಡಿಸುತ್ತಾ ಹೋದರೆ ಎರಡು ಮೂರು ದಿನಗಳಲ್ಲಿ ಕಂದು ಬಣ್ಣದ ಕೆಸರು ಹೊರಬರುತ್ತದೆ; ಅದು ಬರುವುದು ನಿಂತ ಮೇಲೆ ಹೊಸ ಗ್ರೀಸ್ ಕೊಡಬೇಕು. ಸರಳುಗಳ ಬದಲು ತಂತಿಹಗ್ಗ ಮತ್ತು ರಾಟೆಗಳಿರುವ ಕಾರುಗಳಲ್ಲಿ ಹಗ್ಗದ ಬಿಗಿ ಒಂದು ಬದಿಗೆ ಹೆಚ್ಚಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಬುಷ್ ಸವೆದು ಸಡಿಲವಾಗಿದ್ದರೆ ಲಕ್ಷಣ ಬೇರೆ: ವೇಗ ಸರಿಯಿರುತ್ತದೆ, ಆದರೆ ಬ್ಲೇಡು ಪ್ರತಿ ಕೊನೆಯಲ್ಲಿಯೂ ಗಾಜಿನ ಚೌಕಟ್ಟಿಗೆ ಬಡಿಯುತ್ತದೆ.

ಎರಡನೆಯದು ಹೋಸ್, ಮ್ಯಾನಿಫೋಲ್ಡಿನಿಂದ ಮೋಟಾರಿಗೆ ನಿರ್ವಾತ ತರುವ ರಬ್ಬರ್ ಕೊಳವೆ. ಇದರ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಅತಿ ಹೆಚ್ಚು ದೋಷಗಳು ಅಡಗಿರುವುದು ಇಲ್ಲಿಯೇ, ಅತಿ ಕಡಿಮೆ ಗಮನ ಸಿಗುವುದೂ ಇದಕ್ಕೇ. ಅಮೆರಿಕದ ಬಹಳಷ್ಟು ಕಾರುಗಳಲ್ಲಿ ವೈಪರ್ ಹೋಸಿನ ಒಳವ್ಯಾಸ ಒಂದು ಇಂಚಿನ 32ರಲ್ಲಿ 7 ಭಾಗ, ಅಂದರೆ ಸುಮಾರು 5.5 ಮಿಲಿಮೀಟರ್. ಗೋಡೆ ದಪ್ಪಗಿರುತ್ತದೆ, ಇರಲೇಬೇಕು. ಪೆಟ್ರೋಲ್ ಹೋಸಿನ ಒಳಗೆ ಒತ್ತಡ ಇರುವುದರಿಂದ ಅದು ಹೊರಕ್ಕೆ ಉಬ್ಬದಂತೆ ನೋಡಿಕೊಂಡರೆ ಸಾಕು. ವೈಪರ್ ಹೋಸು ಒಳಕ್ಕೆ ಕುಸಿಯದಂತೆ ತಡೆದುಕೊಳ್ಳಬೇಕು. ಗಾಜು ತೊಳೆಯುವ ನೀರಿನ ತೆಳು ಪೈಪನ್ನು ಇಲ್ಲಿ ಹಾಕಿದರೆ, ಎಂಜಿನ್ ತಣ್ಣಗಿರುವಾಗ ಎಲ್ಲವೂ ಸರಿಯಾಗಿ ನಡೆದು, ಹದಿನೈದು ನಿಮಿಷ ಓಡಿದ ಮೇಲೆ ಬಿಸಿಗೆ ಮೆದುವಾಗಿ ಬಾಗಿನಲ್ಲಿ ಚಪ್ಪಟೆಯಾಗುತ್ತದೆ. ಬಾನೆಟ್ ತೆಗೆದು ನೋಡುವಷ್ಟರಲ್ಲಿ ಎಂಜಿನ್ ನಿಂತಿರುತ್ತದೆ, ಹೋಸು ಮತ್ತೆ ದುಂಡಗಾಗಿರುತ್ತದೆ, ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಹೋಸನ್ನು ಎಂಜಿನ್ ಓಡುತ್ತಿರುವಾಗಲೇ ಬುಡದಿಂದ ತುದಿಯವರೆಗೆ ಬೆರಳಿಂದ ಸವರುತ್ತಾ ಪರೀಕ್ಷಿಸಬೇಕು. ಫ್ಯಾನ್ ಮತ್ತು ಬೆಲ್ಟಿನಿಂದ ಕೈಯನ್ನೂ ಬಟ್ಟೆಯನ್ನೂ ದೂರವಿಡಬೇಕು. ಹಳೆಯ ಹೋಸಿನಲ್ಲಿ ಇನ್ನೊಂದು ಮೋಸವಿದೆ: ಒಳಪದರ ಬಿಟ್ಟುಕೊಂಡು ನಾಲಗೆಯಂತೆ ಅಲ್ಲಾಡುತ್ತಾ ದಾರಿ ಮುಚ್ಚುತ್ತದೆ. ಹೊರಗಿನಿಂದ ಅದು ಹೊಸ ಹೋಸಿನಷ್ಟೇ ಚೆನ್ನಾಗಿ ಕಾಣುತ್ತದೆ. ಐವತ್ತು ವರ್ಷ ದಾಟಿದ ರಬ್ಬರನ್ನು ಪರೀಕ್ಷೆಗೂ ಕಾಯದೆ ಬದಲಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಇಲ್ಲಿ ವ್ಯಾಕ್ಯೂಮ್ ಗೇಜ್ ಬಳಸುವವರಿಗೆ ಒಂದು ಎಚ್ಚರಿಕೆ. ಮೋಟಾರಿನ ಬಳಿ ಹೋಸನ್ನು ಕಳಚಿ, ಅದರ ತುದಿಗೆ ಗೇಜ್ ಸಿಕ್ಕಿಸಿ, 18 ಇಂಚು ತೋರಿಸಿತೆಂದು ಹೋಸಿಗೆ ಪ್ರಮಾಣಪತ್ರ ಕೊಡುವವರನ್ನು ಕಂಡಿದ್ದೇನೆ. ಗೇಜ್ ಗಾಳಿಯನ್ನು ಒಳಬಿಡುವುದಿಲ್ಲ. ಹರಿವಿಲ್ಲದ ಕಡೆ, ಸೂಜಿಮೊನೆಯಷ್ಟು ತೂತು ಉಳಿದಿದ್ದರೂ ಸ್ವಲ್ಪ ಹೊತ್ತಿನಲ್ಲಿ ಪೂರ್ತಿ ನಿರ್ವಾತ ತೋರಿಸುತ್ತದೆ. ಕಟ್ಟಿಕೊಂಡ ನಲ್ಲಿಯ ಪೈಪಿನಲ್ಲಿಯೂ ನಲ್ಲಿ ಮುಚ್ಚಿದ್ದಾಗ ಒತ್ತಡ ಸರಿಯಾಗಿಯೇ ಇರುತ್ತದಲ್ಲವೇ, ಹಾಗೆ. ಸರಿಯಾದ ವಿಧಾನವೆಂದರೆ ಮೋಟಾರಿನ ಬಾಯಿಯ ಬಳಿ ಟೀ ಆಕಾರದ ಜೋಡಣೆ ಹಾಕಿ, ವೈಪರ್ ಓಡುತ್ತಿರುವಾಗಲೇ ಓದುವುದು. ಮ್ಯಾನಿಫೋಲ್ಡಿನಲ್ಲಿ 18 ಇದ್ದು ಮೋಟಾರಿನ ಬಳಿ ಓಡುವಾಗ 9ಕ್ಕೆ ಬಿದ್ದರೆ, ನಡುವಿನ ದಾರಿ ಕಟ್ಟಿದೆ ಎಂದರ್ಥ, ಇಲ್ಲವೇ ಮೋಟಾರೇ ಗಾಳಿಯನ್ನು ಅತಿಯಾಗಿ ಸೋರಿಸುತ್ತಿದೆ. ಇವೆರಡರಲ್ಲಿ ಯಾವುದೆಂದು ತಿಳಿಯಲು ಮೋಟಾರನ್ನು ಹೊಸ, ನೇರವಾದ, ಗಿಡ್ಡ ಹೋಸಿನಿಂದ ಮ್ಯಾನಿಫೋಲ್ಡಿಗೆ ಜೋಡಿಸಿ ನೋಡಿ. ವೇಗ ಬಂದರೆ ಹಳೆಯ ದಾರಿಯದೇ ತಪ್ಪು. ಆ ದಾರಿಯಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ನುಗ್ಗಾದ ಉಕ್ಕಿನ ನಳಿಕೆಯೂ ಇರಬಹುದು, ಹೋಸ್ ಸಿಕ್ಕಿಸುವ ಮ್ಯಾನಿಫೋಲ್ಡಿನ ಸಣ್ಣ ಮೂತಿಯಲ್ಲಿ, ಅಂದರೆ ನಿಪ್ಪಲಿನಲ್ಲಿ, ಇದ್ದಿಲಿನಂತೆ ಕೂತ ಕಿಟ್ಟವೂ ಇರಬಹುದು. ಕಿಟ್ಟವನ್ನು ತೆಗೆಯಲು ನಿಪ್ಪಲನ್ನು ಹೊರಗೆ ಬಿಚ್ಚಿಕೊಳ್ಳಬೇಕು. ಇದ್ದಲ್ಲಿಯೇ ಕೆರೆದರೆ ಪುಡಿಯೆಲ್ಲ ಸಿಲಿಂಡರಿಗೆ ಹೋಗುತ್ತದೆ.

ಮ್ಯಾನಿಫೋಲ್ಡಿನಲ್ಲಿಯೇ 18 ಇಲ್ಲದಿದ್ದರೆ ವೈಪರನ್ನು ಮರೆತು ಎಂಜಿನ್ ಕಡೆ ತಿರುಗಬೇಕು. ಗೇಜಿನ ಮುಳ್ಳು 13, 14ರಲ್ಲಿ ಅಲುಗದೆ ನಿಂತಿದ್ದರೆ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿರಬಹುದು, ಇಲ್ಲವೇ ಕಾರ್ಬ್ಯುರೇಟರಿನ ಅಥವಾ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿರಬಹುದು. ಮುಳ್ಳು ತಾಳ ತಪ್ಪದೆ ಆಗಾಗ ಕೆಳಗೆ ಜಿಗಿದರೆ ಯಾವುದೋ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಎತ್ತರದ ಪ್ರದೇಶದಲ್ಲಿ ಓದುವವರು ಪ್ರತಿ ಸಾವಿರ ಅಡಿಗೆ ಸುಮಾರು 1 ಇಂಚು ಕಡಿಮೆ ಬರುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಇಲ್ಲವಾದರೆ ಸರಿಯಿರುವ ಎಂಜಿನ್ನನ್ನು ಕೆಡಿಸಿಕೊಳ್ಳುವ ಪ್ರಮೇಯ ಬರುತ್ತದೆ. ವ್ಯಾಕ್ಯೂಮ್ ವೈಪರ್ ಇರುವ ಕಾರಿನ ಒಡೆಯನಿಗೆ ಇದೊಂದು ಅನುಕೂಲವೇ ಆಗಿದೆ: ಅವನ ಕಣ್ಣೆದುರಿನ ಗಾಜಿನ ಮೇಲೆ ಎಂಜಿನ್ನಿನ ಆರೋಗ್ಯ ದಿನವೂ ಬರೆದಿರುತ್ತದೆ.

ಏರಿನಲ್ಲಿ ವೈಪರ್ ನಿಲ್ಲುವ ತೊಂದರೆಗೆ ತಯಾರಕರು ಎರಡು ಪರಿಹಾರಗಳನ್ನು ಕಂಡುಕೊಂಡಿದ್ದರು. ಒಂದು, ನಿರ್ವಾತವನ್ನು ಕೂಡಿಡುವ ತೊಟ್ಟಿ ಮತ್ತು ಅದರ ಏಕಮುಖ ಕವಾಟ. ಇದನ್ನು ಪರೀಕ್ಷಿಸುವುದು ಸುಲಭ: ಎಂಜಿನ್ ನಿಲ್ಲಿಸಿದ ಮೇಲೂ ವೈಪರ್ ಕೆಲವು ಸಲ ಬೀಸಬೇಕು, ಬೀಸದಿದ್ದರೆ ಕವಾಟ ಹಿಡಿಯುತ್ತಿಲ್ಲ ಅಥವಾ ತೊಟ್ಟಿ ತುಕ್ಕು ತಿಂದಿದೆ. ಇನ್ನೊಂದು, ಯಾಂತ್ರಿಕ ಫ್ಯುಯೆಲ್ ಪಂಪಿಗೇ ಎರಡನೆಯ ಡಯಾಫ್ರಾಂ (ಮೇಲೆ ಕೆಳಗೆ ಆಡುವ ರಬ್ಬರು ಬಟ್ಟೆಯ ಪರದೆ) ಸೇರಿಸಿ, ಎಂಜಿನ್ನಿನ ನಿರ್ವಾತ ಕುಸಿದಾಗ ನೆರವಿಗೆ ಬರುವಂತೆ ಮಾಡಿದ ಜೋಡಿ ಪಂಪು. ಈ ಎರಡನೆಯದರ ಬಗ್ಗೆ ನನ್ನ ಅನುಭವವೊಂದನ್ನು ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ನಾನು ಓಡಿಸುತ್ತಿದ್ದ ಕಾರು ನೀಲಿ ಹೊಗೆ ಉಗುಳಲು ಶುರುಮಾಡಿತು. ಎಂಜಿನ್ ಆಯಿಲ್ ವಾರ ವಾರವೂ ಇಳಿಯುತ್ತಿತ್ತು. ತೋರಿಸಿದ ಕಡೆಯಲ್ಲೆಲ್ಲ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಇಳಿಸಬೇಕು ಎಂದರು. ನಾನೂ ಒಪ್ಪಿ, ದಿನ ಗೊತ್ತುಮಾಡಿ, ಅದಕ್ಕೆ ಮೊದಲು ಬೇಕಾದ ಪೈಪುಗಳನ್ನು ಒಂದೊಂದಾಗಿ ಕಳಚಲು ಕೂತೆ. ಜೋಡಿ ಪಂಪಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಹೋಸನ್ನು ಎಳೆದಾಗ ಅದು ನಿಪ್ಪಲಿನಿಂದ ಜಾರಿ ಬಂದ ರೀತಿಯೇ ಬೇರೆಯಾಗಿತ್ತು. ಒಣ ರಬ್ಬರಿನ ಹಿಡಿತ ಅಲ್ಲಿರಲಿಲ್ಲ. ಬಿಳಿಯ ಬಟ್ಟೆಯ ಚೂರನ್ನು ಸುರುಳಿ ಮಾಡಿ ಒಳಗೆ ತೂರಿ ತೆಗೆದೆ. ಬಟ್ಟೆ ಕಪ್ಪಾಗಿ, ಒದ್ದೆಯಾಗಿ ಹೊರಬಂತು. ಹಿಂಡಿದರೆ ಎರಡು ಹನಿ ಆಯಿಲ್ ಬೀಳುವಷ್ಟಿತ್ತು. ಗಾಳಿ ಮಾತ್ರ ಹೋಗಬೇಕಾದ ಹೋಸಿನಲ್ಲಿ ಎಂಜಿನ್ ಆಯಿಲ್ ಏಕೆ ಬಂತು? ಪಂಪಿನ ವ್ಯಾಕ್ಯೂಮ್ ಡಯಾಫ್ರಾಂ ಸೀಳಿತ್ತು. ಅದರ ಆಚೆ ಬದಿಯಲ್ಲಿರುವುದು ಎಂಜಿನ್ನಿನ ತಳದ ಕೋಣೆಯಾದ ಕ್ರ್ಯಾಂಕ್‌ಕೇಸಿನ ಆಯಿಲ್ ಹಬೆ. ಮ್ಯಾನಿಫೋಲ್ಡು ಆ ಸೀಳಿನ ಮೂಲಕ ಆಯಿಲನ್ನು ನೇರವಾಗಿ ಕುಡಿದು ಸುಡುತ್ತಿತ್ತು. ಹೋಸನ್ನು ಹಾಗೆಯೇ ಬಿಟ್ಟು, ಮ್ಯಾನಿಫೋಲ್ಡಿನ ನಿಪ್ಪಲಿಗೆ ಬಿರಡೆ ಹಾಕಿ ಓಡಿಸಿದೆ. ಒಳಗೆ ಉಳಿದಿದ್ದ ಆಯಿಲ್ ಸುಟ್ಟುಹೋಗುವವರೆಗೆ ಹೊಗೆ ಇತ್ತು, ಆಮೇಲೆ ನಿಂತಿತು. ಎಂಜಿನ್ ಇಳಿಸುವ ಕೆಲಸ ಅಲ್ಲಿಗೇ ಮುಗಿಯಿತು. ನೀಲಿ ಹೊಗೆಯ ದೂರು ಬಂದಾಗಲೆಲ್ಲ ಈ ಹತ್ತು ನಿಮಿಷದ ಪರೀಕ್ಷೆಯನ್ನು ಮೊದಲು ಮಾಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಪಂಪನ್ನು ಹೇಗೂ ಬಿಚ್ಚಿದಾಗ ಪೆಟ್ರೋಲ್ ಬದಿಯ ಡಯಾಫ್ರಾಮನ್ನೂ ಎಥನಾಲ್ ತಡೆಯುವ ವಸ್ತುವಿನದಕ್ಕೆ ಬದಲಿಸಿಕೊಳ್ಳಿ. ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರು ಬಟ್ಟೆಯನ್ನು ಬೇಗ ಹಾಳುಮಾಡುತ್ತದೆ.

ಗಾಜು, ಲಿಂಕೇಜ್, ಹೋಸ್, ಎಂಜಿನ್, ಪಂಪು ಎಲ್ಲವೂ ಸರಿಯೆಂದು ತಿಳಿದ ಮೇಲಷ್ಟೇ ಮೋಟಾರಿನ ಸರದಿ. ಅದನ್ನೂ ಕಾರಿನಲ್ಲಿ ಇರುವಾಗಲೇ ಮಾತನಾಡಿಸಬಹುದು. ಬಹುಪಾಲು ಮಾದರಿಗಳಲ್ಲಿ ವೈಪರ್ ನಿಲ್ಲಿಸಿದಾಗಲೂ ಬ್ಲೇಡನ್ನು ಕೆಳಗೆ ಒತ್ತಿ ಹಿಡಿಯುವುದಕ್ಕೆ ನಿರ್ವಾತ ಬೇಕು. ಹಾಗಾಗಿ ಸೋರುವ ಮೋಟಾರು ಬಿಸಿಲಿನ ದಿನದಲ್ಲಿಯೂ ಎಂಜಿನ್ನಿಗೆ ಕಳ್ಳಗಾಳಿ ಕೊಡುತ್ತಿರುತ್ತದೆ. ವೈಪರ್ ನಿಂತಿರುವಾಗ, ಎಂಜಿನ್ ಐಡಲಿಂಗಿನಲ್ಲಿರುವಾಗ, ಹೋಸನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಹಿಸುಕಿ. ಎಂಜಿನ್ನಿನ ನಡಿಗೆ ಬದಲಾದರೆ ಸೋರಿಕೆ ಇಕ್ಕಳದಿಂದ ಆಚೆಗೆ, ಅಂದರೆ ಮೋಟಾರಿನಲ್ಲಿ ಅಥವಾ ಅದರ ಕವಾಟದಲ್ಲಿ ಇದೆ. ನಿಪ್ಪಲಿಗೆ ಹತ್ತಿರದ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗು ಉಳಿದವುಗಳಿಗಿಂತ ಬಿಳಿಚಿಕೊಂಡಿದ್ದರೆ ಅದೂ ಇದಕ್ಕೇ ಸಾಕ್ಷಿ. ಬ್ಲೇಡು ಒಂದು ಕಡೆಗೆ ಚುರುಕಾಗಿ, ಇನ್ನೊಂದು ಕಡೆಗೆ ಜಡವಾಗಿ ಹೋದರೆ ಹೋಸಿನ ಮೇಲೆ ಅನುಮಾನ ಬೇಡ; ಹೋಸಿನ ದೋಷ ಎರಡೂ ಕಡೆಗೆ ಸಮನಾಗಿ ಕಾಣಬೇಕು. ಅದು ರೆಕ್ಕೆಯ ಅಂಚಿನದು ಅಥವಾ ಒಂದು ಬದಿಯ ರಂಧ್ರದ್ದು. ಇನ್ನು ಬ್ಲೇಡು ಕೊನೆಯವರೆಗೆ ಹೋಗಿ ಅಲ್ಲಿಯೇ ಕೂತು, ಬೆರಳಿನಿಂದ ತಟ್ಟಿದರೆ ಮತ್ತೊಂದು ಸುತ್ತು ಹೊರಟರೆ, ಆಗ ಹೇಳಿದ ಟಕ್ ಸದ್ದಿಗೆ ಕಿವಿಗೊಡಿ. ಸದ್ದು ಇಲ್ಲದಿದ್ದರೆ ಒದೆಗೋಲಿನ ಸ್ಪ್ರಿಂಗ್ ಸೋತಿದೆ ಅಥವಾ ಗ್ರೀಸ್ ಗಟ್ಟಿಯಾಗಿ ಕವಾಟ ಮಗುಚುತ್ತಿಲ್ಲ.

ಚಾಲಕನ ಗುಂಡಿಯಿಂದ ಕವಾಟಕ್ಕೆ ಹೋಗುವ ಕೇಬಲನ್ನೂ ನೋಡದೆ ಮುಂದೆ ಹೋಗಬಾರದು. ಗುಂಡಿ ಪೂರ್ತಿ ಎಳೆದರೂ ಕವಾಟ ಅರ್ಧವೇ ತೆರೆದರೆ ವೇಗ ಬರುವುದಿಲ್ಲ. ಪೂರ್ತಿ ಒತ್ತಿದರೂ ಮುಚ್ಚದಿದ್ದರೆ ಬ್ಲೇಡು ಗಾಜಿನ ನಡುವೆ ನಿಲ್ಲುತ್ತದೆ. ಕೇಬಲಿನ ಹೊರಕವಚ ಹಿಡಿಯುವ ಕ್ಲಿಪ್ಪನ್ನು ಮೂರು ಮಿಲಿಮೀಟರ್ ಸರಿಸಿದ್ದರಿಂದಲೇ ಸರಿಹೋದ ಕಾರುಗಳಿವೆ.

ಕೊನೆಗೂ ಮೋಟಾರನ್ನು ಬಿಚ್ಚಲೇಬೇಕಾದರೆ, ಅಂಚು ಎತ್ತರಿಸಿದ ತಟ್ಟೆಯಲ್ಲಿ ಬಿಳಿಯ ಬಟ್ಟೆ ಹಾಸಿ ಅದರೊಳಗೆ ಬಿಚ್ಚಿ. ಮೊದಲು ಮುಚ್ಚಳಕ್ಕೂ ಡಬ್ಬಿಗೂ ಸೇರುವಂತೆ ಒಂದು ಗೆರೆ ಎಳೆಯಿರಿ, ಪ್ರತಿ ಹಂತದಲ್ಲಿಯೂ ಚಿತ್ರ ತೆಗೆದಿಟ್ಟುಕೊಳ್ಳಿ. ಒದೆಗೋಲಿನ ಸ್ಪ್ರಿಂಗನ್ನು ಬಿಡಿಸುವಾಗ ಇಡೀ ಮೋಟಾರನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಕೈಗಳನ್ನು ಒಳಗೆ ಹಾಕಿ ಕೆಲಸ ಮಾಡಿದರೆ ಅದು ಚಿಮ್ಮಿದರೂ ಚೀಲದಲ್ಲಿಯೇ ಉಳಿಯುತ್ತದೆ. ಚರ್ಮದ ಅಂಚು ಸಾಮಾನ್ಯವಾಗಿ ಹರಿದಿರುವುದಿಲ್ಲ, ಒಣಗಿ ಮುದುಡಿರುತ್ತದೆ. ಅದನ್ನು ಪೆಟ್ರೋಲಿನಲ್ಲಾಗಲಿ ಸೀಮೆಎಣ್ಣೆಯಲ್ಲಾಗಲಿ ತೊಳೆಯಬೇಡಿ; ಉಳಿದ ಪಸೆಯೂ ಹೋಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಚರ್ಮಕ್ಕೆಂದೇ ಇರುವ ನೀಟ್ಸ್‌ಫುಟ್ ಎಣ್ಣೆಯನ್ನು ಸವರಿ ಒಂದು ರಾತ್ರಿ ಬಿಟ್ಟರೆ, ಬೆಳಗ್ಗೆ ಅದು ಹೆಬ್ಬೆರಳಿಗೆ ಮಣಿಯುವಷ್ಟು ಮೆದುವಾಗಿರುತ್ತದೆ. ಆಗ ಅಂಚನ್ನು ಹೊರಕ್ಕೆ ತೀಡಿ, ಗೋಡೆಯನ್ನು ಒತ್ತುವಂತೆ ಆಕಾರ ಕೊಡಬಹುದು. ರಬ್ಬರಿನ ಅಂಚಿಗೆ ಸಿಲಿಕೋನ್ ಗ್ರೀಸ್ ಸಾಕು. ಬ್ರೇಕ್ ಆಯಿಲನ್ನು ಒಳಗೆ ಬಿಡುವ ಹಳೆಯ ಪದ್ಧತಿಯೊಂದಿದೆ. ಅದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅದು ರಬ್ಬರನ್ನು ಉಬ್ಬಿಸಿ ಎರಡು ತಿಂಗಳು ಸರಿಹೋದಂತೆ ತೋರಬಹುದು, ಆದರೆ ಕೆಳಗೆ ಸೋರಿ ಬಣ್ಣವನ್ನು ಕಿತ್ತುಹಾಕುತ್ತದೆ. ಮುಚ್ಚಳ ಕೂರುವ ಅಂಚಿಗೆ ತೆಳು ಕಾಗದದ ಅಥವಾ ಕಾರ್ಕಿನ ಗ್ಯಾಸ್ಕೆಟ್ ಕತ್ತರಿಸಿ ಹಾಕಿ. ಟ್ಯೂಬಿನ ಸಿಲಿಕೋನ್ ಅಂಟನ್ನು ಇಲ್ಲಿ ಬಳಸಿದರೆ ಒಳಕ್ಕೆ ಹಿಂಡಿದ ಚೂರು ಕಳಚಿ ಕವಾಟದ ರಂಧ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಜೋಡಿಸಿದ ಮೇಲೆ ಕೊನೆಯ ಪರೀಕ್ಷೆ: ರೆಕ್ಕೆಯನ್ನು ಒಂದು ತುದಿಗೆ ತಳ್ಳಿ, ಆ ಬದಿಯ ರಂಧ್ರವನ್ನು ಬೆರಳಿನಿಂದ ಮುಚ್ಚಿ, ಹಿಂದಕ್ಕೆ ಎಳೆಯಿರಿ. ರಬ್ಬರ್ ಪಟ್ಟಿಯನ್ನು ಎಳೆದಂತೆ ಅದು ಪ್ರತಿರೋಧಿಸಬೇಕು, ಬಿಟ್ಟರೆ ಮೊದಲ ಜಾಗಕ್ಕೆ ಮರಳಬೇಕು.

ಈ ಡಬ್ಬಿಯ ಲೋಹದ ಬಗ್ಗೆ ಒಂದು ಮಾತು ಹೇಳಿದರೆ ಉಳಿದ ಸಣ್ಣ ಭಾಗಗಳ ಕಡೆಗೂ ದಾರಿಯಾಗುತ್ತದೆ. ವೈಪರ್ ಮೋಟಾರು, ಬಾಗಿಲ ಹಿಡಿ, ದೀಪದ ಬುಡ, ಫ್ಯುಯೆಲ್ ಪಂಪಿನ ಕೆಲವು ತುಂಡುಗಳು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದವು. ಇದು ಸುಮಾರು 385 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಉಕ್ಕಿನ ನಟ್ಟು ಬಿಡಿಸಲು ಕೊಡುವ ಗ್ಯಾಸ್ ಜ್ವಾಲೆಯನ್ನು ಇಲ್ಲಿಗೆ ಹಿಡಿದರೆ ಕೆಂಪಾಗುವ ಮುನ್ಸೂಚನೆಯೂ ಇಲ್ಲದೆ ಕುಸಿದುಬೀಳುತ್ತದೆ. ತುಕ್ಕು ಬಿಡಿಸುವ ಎಣ್ಣೆ, ಎರಡು ದಿನದ ತಾಳ್ಮೆ, ಅಗತ್ಯವಾದರೆ ಕುದಿಯುವ ನೀರು, ಇವಿಷ್ಟೇ ಇಲ್ಲಿ ಸಲ್ಲುವ ಉಪಾಯಗಳು.

ಸ್ಕ್ರೂಗಳ ಎಳೆಯ ವಿಷಯದಲ್ಲಿ ಹಳೆಯ ಬ್ರಿಟಿಷ್ ಕಾರುಗಳು ವಿಶೇಷ ಎಚ್ಚರಿಕೆ ಬೇಡುತ್ತವೆ. ವಿದ್ಯುತ್ ಭಾಗಗಳಲ್ಲಿ ಬರುವ ಸಣ್ಣ ಸ್ಕ್ರೂಗಳು ಬಿಎ (ಬ್ರಿಟಿಷ್ ಅಸೋಸಿಯೇಷನ್) ಅಳತೆಯವು. 0 ಬಿಎ ಎಂದರೆ 6 ಮಿಲಿಮೀಟರ್ ವ್ಯಾಸ, 1 ಮಿಲಿಮೀಟರ್ ಅಂತರದ ಎಳೆ. ಇಂದಿನ 6 ಮಿಲಿಮೀಟರ್ ಮೆಟ್ರಿಕ್ ಸ್ಕ್ರೂವಿನ ಅಳತೆಯೂ ಅದೇ. ಆದರೆ ಬಿಎ ಎಳೆಯ ಕೋನ 47.5 ಡಿಗ್ರಿ, ಮೆಟ್ರಿಕ್ ಎಳೆಯದು 60 ಡಿಗ್ರಿ. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತದಿಂದ ತಿರುಗಿಸಿದರೆ ಎಳೆ ಹಾಳಾಗುತ್ತದೆ. ಬ್ರಿಟನ್ನಿನ ಎಂ.ಜಿ. ಟಿ ಸರಣಿಯ ಕಾರುಗಳ ಎಕ್ಸ್‌ಪಿಎಜಿ ಎಂಜಿನ್ನಿನಲ್ಲಂತೂ ಬೋಲ್ಟಿನ ತಲೆ ಹಳೆಯ ಬ್ರಿಟಿಷ್ ಅಳತೆಯಾದ ವಿಟ್‌ವರ್ಥ್ ಸ್ಪ್ಯಾನರಿಗೆ ಹೊಂದುತ್ತದೆ, ಎಳೆ ಮೆಟ್ರಿಕ್. ತಲೆಯನ್ನು ನೋಡಿ ಎಳೆಯನ್ನು ಊಹಿಸಿದವರು ಅಲ್ಲಿ ಎಡವುತ್ತಾರೆ. 1948ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಕೆನಡಾ ಏಕರೂಪದ ಎಳೆಗೆ ಒಪ್ಪಿಕೊಂಡ ಮೇಲೂ ಹಳೆಯ ಅಳತೆಗಳು ಬಹುಕಾಲ ಜೊತೆಯಲ್ಲಿಯೇ ನಡೆದವು. ಆದ್ದರಿಂದ ಬಿಚ್ಚಿದ ಸ್ಕ್ರೂವನ್ನು ಅದರ ಭಾಗದ ಹೆಸರು ಬರೆದ ಲಕೋಟೆಯಲ್ಲಿಯೇ ಇಡಿ. ತುಕ್ಕು ಹಿಡಿದದ್ದನ್ನೂ ಎಸೆಯಬೇಡಿ, ಹೊಸದನ್ನು ತರಲು ಅದೇ ಮಾದರಿ.

ವೈಪರಿಗೆ ಹೇಳಿದ ಕ್ರಮವೇ ಮಂಕಾದ ದೀಪಕ್ಕೂ ಸಲ್ಲುತ್ತದೆ. ಬಲ್ಬು ಬದಲಿಸುವ ಮೊದಲು, ದೀಪ ಉರಿಯುತ್ತಿರುವಾಗ ಮೀಟರಿನ ಒಂದು ತುದಿಯನ್ನು ದೀಪದ ಲೋಹದ ಮೈಗೂ ಇನ್ನೊಂದನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ (ಕಾರಿನ ಮೈಗೆ ಜೋಡಿಸಿದ ಕಂಬಕ್ಕೂ) ಇಡಿ. ಅಲ್ಲಿ ಅರ್ಧ ವೋಲ್ಟ್ ಕಂಡರೆ 6 ವೋಲ್ಟಿನ ಕಾರಿನಲ್ಲಿ ಅದು ನೂರಕ್ಕೆ 8ರಷ್ಟು ನಷ್ಟ. ತಂತು ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಗ್ಗುವುದರಿಂದ ಬೆಳಕಿನಲ್ಲಿ ಸುಮಾರು ಕಾಲುಭಾಗ ಹೋಗಿರುತ್ತದೆ. ಬಣ್ಣದ ಮೇಲೆ ಕೂತ ಒಂದು ಅರ್ಥ್ ಸ್ಕ್ರೂವಿನ ಅಡಿಯನ್ನು ಉಜ್ಜಿ ಹೊಳಪಿಸಿದರೆ ಅದು ಮರಳಿ ಬರುತ್ತದೆ. ಸ್ಪೀಡೋಮೀಟರಿನ ಮುಳ್ಳು ನಡುಗಿದರೂ ಹಾಗೆಯೇ: ಮೀಟರನ್ನು ಬಿಡಿ, ಕೇಬಲಿನ ಒಳತಂತಿಯನ್ನು ಹೊರಗೆಳೆದು ನೋಡಿ. ಒಣಗಿದ್ದರೆ ಗೇರ್‌ಬಾಕ್ಸಿನ ಕಡೆಯ ಮೂರರಲ್ಲೆರಡು ಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಹಚ್ಚಿ. ಮೀಟರಿನ ಕಡೆಗೂ ಹಚ್ಚಿದರೆ ಗ್ರೀಸ್ ಮೇಲೇರಿ ಮೀಟರಿನೊಳಗೆ ಸೇರುತ್ತದೆ.

ಉಪನ್ಯಾಸ ಮುಗಿಯುವ ಹೊತ್ತಿಗೆ ಒಬ್ಬರು, ಇಷ್ಟೆಲ್ಲ ಮಾಡುವ ಬದಲು ವಿದ್ಯುತ್ ಮೋಟಾರು ಹಾಕಿಬಿಡಬಾರದೇ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ದಿನವೂ ಮಳೆಯಲ್ಲಿ, ದೂರದೂರಿಗೆ ಓಡಿಸುವವರಿಗೆ ಸುರಕ್ಷತೆಯೇ ಮುಖ್ಯ. ಅವರು ಹಾಕಲಿ ಎಂದೇ ನಾನು ಹೇಳಿದೆ. ಆದರೆ ಕಾರು 6 ವೋಲ್ಟಿನದೋ 12 ವೋಲ್ಟಿನದೋ, ಅರ್ಥ್ ಧನವೋ ಋಣವೋ ಎಂದು ಮೊದಲು ನೋಡಿಕೊಳ್ಳಬೇಕು, ಲಿಂಕೇಜಿನ ಬಿಗಿತವನ್ನು ಆಗಲೂ ಬಿಡಿಸಲೇಬೇಕು, ತೆಗೆದ ವ್ಯಾಕ್ಯೂಮ್ ಮೋಟಾರಿನ ಬಾಯಿಗಳನ್ನು ಮುಚ್ಚಿ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಡಬೇಕು, ಮ್ಯಾನಿಫೋಲ್ಡಿನ ನಿಪ್ಪಲಿಗೆ ರಬ್ಬರ್ ಟೊಪ್ಪಿಗೆಯಲ್ಲ, ಎಳೆಯಿರುವ ಲೋಹದ ಬಿರಡೆ ಹಾಕಬೇಕು. ಹಳೆಯದನ್ನೇ ಉಳಿಸಿಕೊಳ್ಳುವವರು ದುರಸ್ತಿಯಾದ ಮೇಲೆ ಗಾಜಿಗೆ ನೀರು ಬಿಡುತ್ತಾ, ಐಡಲಿಂಗಿನಲ್ಲಿ ಒಂದು ನಿಮಿಷಕ್ಕೆ ಎಷ್ಟು ಸಲ ಬ್ಲೇಡು ಬೀಸುತ್ತದೆಂದು ಎಣಿಸಿ, ದಿನಾಂಕದೊಂದಿಗೆ ಕಾರಿನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಮಳೆಗಾಲಕ್ಕೆ ಮೊದಲು ಮತ್ತೆ ಎಣಿಸಿ. ಸಂಖ್ಯೆ ಇಳಿದಿದ್ದರೆ ಬ್ಲೇಡನ್ನು ಗಾಜಿನಿಂದ ಎತ್ತಿ ಹಿಡಿಯುವುದರಿಂದ ಮತ್ತೆ ಶುರುಮಾಡಿ.